ಎರಡು ಕಮ್ಮಿ ನಲವತ್ತು

ಕೆಂಪು ಚೀಲದಾಗ ಹಳೇದು,
ಹಳದಿ ಚೀಲದಾಗ ಹೊಸಾದು.
ಕೆಂಪು ಸೀರಿ ಅಂಗಡಿದು, ಹಳದಿ ಗೊಬ್ಬರದಂಗಡಿದು.
ಎರಡರಾಗೂ ನಂದೇ ಫೋಟೋ,
ಒಂದರಾಗ ಮೂಗುತಿ ಅದ, ಒಂದರಾಗ ಇಲ್ಲ.
ನಡುವ ಎಕ್ಸ್‌ರೇಕ್ಕ ಮಾರಿದ್ದೆ.

ಹದಿನಾರು ವರ್ಷ ಬ್ಯಾಳಿ ಮಿಲ್ಲಿನಾಗ
ತೊಗರಿಯೊಳಗಿನ ಹಳ್ಳು ಹೆಕ್ಕಿದ ಕೈ.
ಮೊದಲು ಮುಂಜಾನಿ ಅಷ್ಟೇ ಬಿಗೀತಿತ್ತು.
ಆಮ್ಯಾಲ ಚಹಾದ ಬಸಿ ಜಾರಿ ಬಿತ್ತು,
ಆಮ್ಯಾಲ ಕುಪ್ಪಸದ ಗುಂಡಿ ಮಗಳ ಕೆಲಸ ಆಯ್ತು.
ಡಾಕ್ಟರು ಬೆರಳು ಒಂದೊಂದೇ ಬಗ್ಗಿಸಿ ನೋಡಿ
ಮೂವತ್ತೆಂಟು ಅಂತ ಬರದ್ರು.
ನಲವತ್ತು ಬೇಕಂತ.
ಮಿಲ್ಲಿನಾಗಾದ್ರ ತೂಕಕ್ಕ ಚೂರು ಕಮ್ಮಿ ಬಿದ್ರ
ಮತ್ತೊಂದು ಮುಷ್ಟಿ ಹಾಕ್ತಿದ್ದೆವು.
ಇಲ್ಲಿ ಮುಷ್ಟಿನೇ ಕೂಡವಲ್ದು,
ಅದಕ್ಕೇ ಬಂದೀನಿ.

ಅಪೀಲು ಹಾಕಿ ಹದಿನಾಲ್ಕು ತಿಂಗಳು.
ಒಮ್ಮಿ ಸಾಹೇಬರು ಮೀಟಿಂಗಿನಾಗ, ಒಮ್ಮಿ ಎಲೆಕ್ಷನ್ ಡ್ಯೂಟಿ,
ಒಮ್ಮಿ ನನ್ನ ಮಿಸಲು ಸೇಡಂ ಕಟ್ಟಿನಾಗ ಹೋಗಿ ಕುಂತಿತ್ತು.
ಅಷ್ಟರಾಗ ಎಡಗೈನೂ ಬಲಗೈ ದಾರಿ ಹಿಡೀತು,
ಮೊಣಕಾಲು ಅದರ ಬೆನ್ನಿಗೇ.
ರೋಗಕ್ಕ ಮುಂದಿನ ತಾರೀಖು ಅಂತ ಇರೂದಿಲ್ಲ ನೋಡ್ರಿ.

ಹೊಸ ಅರ್ಜಿ ಹಾಕಲಿಕ್ಕ ಹೋದ್ರ
ಕಂಪ್ಯೂಟರಿನ ಹುಡುಗ ತಲಿ ಎತ್ತಲಿಲ್ಲ:
"ಹಳೇದು ಪೆಂಡಿಂಗ್ ತೋರಸ್ಲಿಕತ್ತದ. ವಾಪಸ್ ತಗೊಂಡು ಬಾ."
ಹೊರಗ ಬೇವಿನ ಗಿಡದ ತೆಳಗ
ಅರ್ಜಿ ಬರಿಯೋ ಬಂಡೆಪ್ಪ ಪೆನ್ನಿನ ಟೋಪಿ ಕಚ್ಚಿಕೊಂಡು ಅಂದ:
"ವಾಪಸ್ ತಗೊಂಡಿ ಅಂದ್ರ
ಹದಿನಾಲ್ಕು ತಿಂಗಳಿಂದು ನೀನೇ ಬಿಟ್ಟಂಗ.
ಎರಡೂ ನಡೀಲಿ. ಆದ್ರ ಬಾಯಿ ಹುಷಾರು."

ಹೊಸದರಾಗ ಈಗ ಹೆಚ್ಚಾಗ್ಯಾದ ಅಂತ ಬರದ್ರ
ಅಪೀಲಿನಾಂವ ಕೇಳ್ತಾನ:
ಹಂಗಾದ್ರ ಆಗ ಕಮ್ಮಿ ಇತ್ತಲ್ಲ?
ಅಪೀಲಿನಾಗ ಮೊದಲಿಂದ್ಲೂ ಇಷ್ಟೇ ಇತ್ತು ಅಂದ್ರ
ಹೊಸದರಾಂವ ಕೇಳ್ತಾನ:
ಇಷ್ಟೇ ಇದ್ರ ಮತ್ಯಾಕ ಬಂದಿ?

ಎರಡು ರಾತ್ರಿ ನಿದ್ದಿ ಇಲ್ಲ.
ಆಗಿಂದೂ ಖರೇನೇ, ಈಗಿಂದೂ ಖರೇನೇ,
ನಡುವಿನ ತಾರೀಖೊಂದು ಸಿಗವಲ್ದು.
ಯಾವತ್ತು ಹೆಚ್ಚಾಯ್ತು?
ಶಾಹೀನಾಳ ತಂಗಿ ಲಗ್ನದಾಗ
ಮೆಹಂದಿಗೆ ಅಂಗೈ ಬಿಚ್ಚಲಿಲ್ಲ, ಅವತ್ತೇನು?
ಬಸ್ಸಿನ ಕಂಬಿ ಬಿಟ್ಟು ಬಿದ್ದೆ, ಅವತ್ತೇನು?
ಇಲ್ಲಾ ಜಡಿ ಹೆಣಿಲಿಕ್ಕ ಆಗದ
ಮಗಳ ಕೂದಲು ಕತ್ತರಿಸಿದ ದಿನ?
ಅಕಿ ಕನ್ನಡಿ ನೋಡಿ ಛಂದ ಅದ ಅಂದಿದ್ಲು.
ಅದನ್ನ ಯಾವ ಕಾಲಂದಾಗ ಬರೀಲಿ.

ಕಡೀಗಿ ಬಂಡೆಪ್ಪ ಒಂದೇ ಸಾಲು ಬರದ:
"ಸದರಿ ನ್ಯೂನತೆಯು ಅಂದೂ ಇದ್ದು, ತದನಂತರ
ಇತರೆ ಅಂಗಗಳಿಗೂ ವ್ಯಾಪಿಸಿರುತ್ತದೆ."
ಓದಿಸಿ ಕೇಳ್ದೆ.
ನನ್ನ ಕೈ ಅನ್ನಿಸಲಿಲ್ಲ. ಸುಳ್ಳೂ ಅನ್ನಿಸಲಿಲ್ಲ.
ಐವತ್ತು ರೂಪಾಯಿ ಕೊಟ್ಟೆ.

ಅಪೀಲಿನ ನಂಬರ ಮ್ಯಾಲೇ ಬರದು ಕೊಟ್ಟ ಮ್ಯಾಲ
ಹುಡುಗ ಹೆಬ್ಬೆಟ್ಟು ಒತ್ತಂದ.
ಮಷೀನು ಮೂರು ಸಲ ಕೆಂಪಗಾಯ್ತು.
ಹಳ್ಳು ಹೆಕ್ಕಿ ಹೆಕ್ಕಿ ಬೆರಳಿನ ಗೆರಿ ಸವದಾವ.
ಕೆಟ್ಟದ್ದು ಸಾಲದು ಅಂದ ಇದೇ ಕೈ
ಈಗ ನಂದು ಅನ್ನಲಿಕ್ಕೂ ಸಾಲಲಿಲ್ಲ.
ಶಾಹೀನಾ ದುಪಟ್ಟಾದ ಸೆರಗು ಒದ್ದಿ ಮಾಡಿ
ತಿಕ್ಕಿ ತಿಕ್ಕಿ ಒರಸಿದ್ಲು.
ನಾಕನೇದಕ್ಕ ಹಸರು.

ಮಂಗಳವಾರ ಎರಡೂ ಕೂಡೇ ಬಂದ್ವು:
ಹತ್ತಕ್ಕ ದವಾಖಾನ್ಯಾಗ ಹೊಸದರ ಕ್ಯಾಂಪು,
ಹನ್ನೊಂದಕ್ಕ ಕಚೇರ್ಯಾಗ ಹಳೇದರ ಪೇಶಿ.
ಅಲ್ಲಿ ಈ ಕೈ ಹೆಚ್ಚಾಗ್ಯಾದ,
ಇಲ್ಲಿ ಈ ಕೈ ಆಗಲೇ ಆಗಿತ್ತು.
ಎರಡೂ ಕಡಿ ಹೆಸರು ಕರದಾಗ ಹೂಂ ಅನ್ನಬೇಕು:
ಅಂಬುಬಾಯಿ ಗಂಡ ಲಾಲಪ್ಪ.

ಕೆಂಪು ಒಂದು ಹೆಗಲಿಗಿ, ಹಳದಿ ಒಂದು ಹೆಗಲಿಗಿ.
ಸೂಪರ್ ಮಾರ್ಕೆಟಿನ ಹತ್ರ ಆಟೋದಾಂವ ಕೇಳ್ದ,
"ಯಾವ ಕಡಿ ಅಕ್ಕಾ?"
"ಯಾವ ಕಡಿ ಸಾಲು ಸಣ್ಣದದ, ಆ ಕಡಿ ನಡಿ" ಅಂದೆ.
ಕಲಬುರಗಿದಾಗ ಅಂಥಾ ಕಡಿ ಇಲ್ಲ ಅಂತ
ನಕ್ಕು ಮೀಟರ್ ಹಾಕದೇ ಹೊಂಟ.